ಆಟದ ಬಯಲಿನಲ್ಲಿ ಎಲ್ಲರಿಗೂ ಜಾಗವಿರಲಿ

ಹದಿಹರೆಯದವರ ಬೊಜ್ಜು ಈಗ ಸಿರಿವಂತರ ಮನೆಗಷ್ಟೇ ಸೀಮಿತವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, 5ರಿಂದ 19 ವರ್ಷದವರಲ್ಲಿ ಅಧಿಕ ತೂಕದವರು 1990ರಲ್ಲಿ ನೂರಕ್ಕೆ 8 ಮಂದಿ ಇದ್ದರು. 2022ರಲ್ಲಿ 20 ಮಂದಿ. ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕೆಂಬುದು ಅದೇ ಸಂಸ್ಥೆಯ ಸಲಹೆ. 11ರಿಂದ 17 ವರ್ಷದ ಐವರಲ್ಲಿ ನಾಲ್ವರು ಅಷ್ಟು ದಣಿಯುತ್ತಿಲ್ಲ. ಹೆಣ್ಣುಮಕ್ಕಳಲ್ಲಿ ಈ ಕೊರತೆ ಇನ್ನೂ ಹೆಚ್ಚು.

ಇದಕ್ಕೆ ನಮ್ಮ ಮನೆಗಳಲ್ಲಿ ಸಿಗುವ ಮದ್ದು ಯಾವುದು? ‘ಡುಮ್ಮ’ ಎಂಬ ನಗೆ, ‘ಹೋಗಿ ಓಡು’ ಎಂಬ ಗದರಿಕೆ. ನಗೆಗೀಡಾದ ಮಗು ಬಯಲಿಗೆ ಬರುವುದಿಲ್ಲ, ಕೋಣೆ ಸೇರುತ್ತದೆ.

ಆಟದ ದಾರಿಯನ್ನು ಹಲವರು ಹುಡುಕಿದ್ದಾರೆ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯವು 2006ರಲ್ಲಿ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ ಎಂಬ ವಿಡಿಯೊ ಆಟವನ್ನು ಸರ್ಕಾರಿ ಶಾಲೆಗಳಿಗೆ ತರಲು ಮುಂದಾಯಿತು. ಪರದೆಯ ಮೇಲೆ ಮೂಡುವ ಬಾಣಗಳನ್ನು ನೋಡುತ್ತಾ, ಹಾಡಿನ ತಾಳಕ್ಕೆ ನೆಲದ ಹಾಸಿನ ಮೇಲೆ ಹೆಜ್ಜೆಯಿಡುವ ಆಟವದು. ಸುಲಭ ಹಂತದಿಂದ ಶುರುಮಾಡಿ, ತನ್ನ ಅಳವಿಗೆ ತಕ್ಕಂತೆ ಮೇಲೇರಬಹುದು. ದಪ್ಪಗಿರುವ ಮಗುವನ್ನು ಯಾರೂ ಹೊರಗೆ ಕೂರಿಸುವುದಿಲ್ಲ.

ಆದರೆ ಯಂತ್ರದ ಹುಮ್ಮಸ್ಸು ಹೆಚ್ಚು ದಿನ ಬಾಳುವುದಿಲ್ಲ. ಬೀದಿ ಸುತ್ತಿ ಆಡುವ ‘ಪೋಕೆಮಾನ್ ಗೋ’ ಮೊಬೈಲ್ ಆಟ 2016ರಲ್ಲಿ ಬಂದಾಗ, ಅಮೆರಿಕದ 18ರಿಂದ 35 ವರ್ಷದವರ ಹೆಜ್ಜೆಗಳನ್ನು ಸಂಶೋಧಕರು ಎಣಿಸಿದರು. ಮೊದಲ ವಾರ ದಿನಕ್ಕೆ ಸುಮಾರು 950 ಹೆಜ್ಜೆ ಹೆಚ್ಚಿತು; ಆರನೆಯ ವಾರಕ್ಕೆ ಎಲ್ಲವೂ ಮೊದಲಿನಂತೆ.

ಹಾಗಾದರೆ ನಾವು ಕಲಿಯಬೇಕಾದದ್ದು ಯಂತ್ರವನ್ನಲ್ಲ, ಆಟದ ನಿಯಮವನ್ನು. ನಮ್ಮ ಎಷ್ಟೋ ಆಟಗಳಲ್ಲಿ ಮೊದಲು ಸಿಕ್ಕಿಬಿದ್ದವರು ಔಟಾಗಿ ಕೂರಬೇಕು. ದಪ್ಪಗಿರುವ ಮಗುವೇ ಸಾಮಾನ್ಯವಾಗಿ ಮೊದಲು ಸಿಕ್ಕಿಬೀಳುತ್ತದೆ. ಯಾರಿಗೆ ಓಡಾಟ ಹೆಚ್ಚು ಬೇಕೋ ಅವರೇ ಹೆಚ್ಚು ಹೊತ್ತು ಕೂತಿರುತ್ತಾರೆ! ಇದನ್ನು ಬದಲಿಸಲು ಹಣ ಬೇಕಿಲ್ಲ. ಔಟಾದವರು ಹತ್ತು ಬಾರಿ ಹಗ್ಗ ಜಿಗಿದು ಮತ್ತೆ ಆಟಕ್ಕೆ ಬರಲಿ. ವೇಗಕ್ಕೆ ಮಾತ್ರವಲ್ಲ, ತಂಡದ ಎಲ್ಲರೂ ಆಡಿದ ನಿಮಿಷಗಳಿಗೂ ಅಂಕವಿರಲಿ. ಮಗುವಿನ ಇಂದಿನ ಆಟವನ್ನು ಅದರದೇ ನಿನ್ನೆಯ ಆಟದೊಂದಿಗೆ ಹೋಲಿಸೋಣ. ಇಳಿದ ಕಿಲೋಗಳಿಗೆ ಮಾತ್ರ ಎಂದೂ ಬಹುಮಾನ ಬೇಡ. ಅದು ಮಕ್ಕಳನ್ನು ಉಪವಾಸಕ್ಕೆ ದೂಡೀತು. ಮಂಡಿನೋವು, ಏದುಸಿರು ಇದ್ದವರನ್ನು ಮೊದಲು ವೈದ್ಯರು ನೋಡಲಿ.

ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಸಂಜೆಯ ಬಿಡುವಿದೆ, ಜೊತೆಗಾರರಿದ್ದಾರೆ, ಹಲವೆಡೆ ಬಯಲೂ ಇದೆ. ಅಲ್ಲಿ ದಿನಕ್ಕೊಂದು ಗಂಟೆ ಇಂಥ ಆಟ ನಡೆಯಲಿ. ಮೈನೆರೆದಳೆಂದು ಮಗಳ ಆಟ ನಿಲ್ಲಿಸುವ ಮನೆಗಳು ಇಂದಿಗೂ ಇವೆ. ಅವಳಿಗೂ ಆ ಗಂಟೆ ಸಿಗಬೇಕು. ಶರಣಬಂಧುಗಳೇ, ನಿಮ್ಮೂರಿನ ಬಯಲಿಗೆ ಈ ವಾರ ಒಮ್ಮೆ ಹೋಗಿ ನೋಡಿ: ಆಡುತ್ತಿರುವವರನ್ನಲ್ಲ, ಅಂಚಿನಲ್ಲಿ ಕೂತವರನ್ನು. ಅವರನ್ನು ಆಟಕ್ಕೆ ಕರೆಯುವುದರಿಂದಲೇ ಈ ಕೆಲಸ ಆರಂಭವಾಗಲಿ.