ಗುರಿಯ ಗುಂಡು, ಬೇಟೆಯ ಧರ್ಮ

ಅಮೆರಿಕದ ಪಶ್ಚಿಮ ಪರ್ವತಪ್ರಾಂತಗಳಲ್ಲಿ ಎಲ್ಕ್ ಎಂಬ ಮಹಾಕಾಯದ ಜಿಂಕೆಯನ್ನು ಅರಸಿ ಹೋಗುವ ಬೇಟೆಗಾರರಲ್ಲಿ ಕೆಲವರು, ಗುರಿಸ್ಪರ್ಧೆಗೆಂದೇ ನಿರ್ಮಿತವಾದ ‘ಮ್ಯಾಚ್’ ಗುಂಡುಗಳ ಅಸಾಧಾರಣ ನಿಖರತೆಗೆ ಮಾರುಹೋಗಿ, ಅವನ್ನೇ ಪ್ರಾಣಿಯ ಮೇಲೂ ಪ್ರಯೋಗಿಸುತ್ತಿರುವುದು ಉಚಿತವಾದ ನಡೆಯಲ್ಲ.

ಕಾಗದದ ಗುರಿಯನ್ನು ಭೇದಿಸುವುದಕ್ಕೂ, ಮುನ್ನೂರು ಕಿಲೋ ತೂಗುವ ಜೀವಿಯ ಭುಜಾಸ್ಥಿಯನ್ನು ದಾಟಿ ಅದರ ಶ್ವಾಸಕೋಶಗಳನ್ನು ಮುಟ್ಟುವುದಕ್ಕೂ ಇರುವ ಅಂತರವು ಅಲ್ಪವಾದುದಲ್ಲ. ಮ್ಯಾಚ್ ಗುಂಡಿನ ತುದಿಯ ಕಿರುರಂಧ್ರವು ತಯಾರಿಕಾಕ್ರಮದ ಫಲವೇ ಹೊರತು, ದೇಹದೊಳಗೆ ಹದವರಿತು ಅರಳಲೆಂದು ಯೋಜಿತವಾದುದಲ್ಲ. ಆದಕಾರಣ ಆ ಗುಂಡು ಒಮ್ಮೆ ಅರಳದೆಯೇ ಸೂಜಿಯಂತೆ ಹಾದುಹೋಗಬಹುದು, ಮತ್ತೊಮ್ಮೆ ಎಲುಬಿಗೆ ತಾಗಿದೊಡನೆ ಚೂರಾಗಿ ಮೇಲ್ಗಾಯವನ್ನಷ್ಟೇ ಉಂಟುಮಾಡಬಹುದು. ‘ಮ್ಯಾಚ್‌ಕಿಂಗ್’ ಗುಂಡುಗಳನ್ನು ತಯಾರಿಸುವ ಸಿಯೆರಾ ಸಂಸ್ಥೆಯೇ ಅವನ್ನು ಸಾಮಾನ್ಯವಾಗಿ ಬೇಟೆಗೆ ಶಿಫಾರಸು ಮಾಡುವುದಿಲ್ಲ.

ಬೇಟೆಗೆಂದೇ ರೂಪಿಸಿದ ಗುಂಡಿಗೆ ನಿದರ್ಶನವೊಂದುಂಟು: 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನಾಸ್ಲರ್ ಎಂಬಾತನ ಗುಂಡುಗಳು ಮೂಸ್ ಎಂಬ ದೊಡ್ಡ ಜಿಂಕೆಯೊಂದರ ದೇಹದೊಳಕ್ಕೆ ಸಾಕಷ್ಟು ಆಳವಾಗಿ ಇಳಿಯದೆ ಹೋದುದರಿಂದಲೇ, ಮುಂಭಾಗ ಅರಳಿ ಹಿಂಭಾಗ ಇಡಿಯಾಗಿ ಮುನ್ನುಗ್ಗುವಂತೆ ನಡುವೆ ಲೋಹದ ಗೋಡೆಯುಳ್ಳ ‘ಪಾರ್ಟಿಷನ್’ ಗುಂಡು ರೂಪುಗೊಂಡು, 1948ರಲ್ಲಿ ಮಾರಾಟಕ್ಕೆ ಬಂದಿತು.

ನಿಖರವಾದ ಗುಂಡೇ ದಯಾಪೂರ್ಣವಾದುದು, ಅದರಿಂದ ಅನೇಕ ಮೃಗಗಳು ತತ್‌ಕ್ಷಣವೇ ಉರುಳಿವೆ ಎಂಬ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಮೃಗದ ನಿಲುವು, ದೂರ, ಗಾಳಿ ಇವು ಯಾವುವೂ ಬೇಟೆಗಾರನ ಅಧೀನದಲ್ಲಿರದ ಕಾಡಿನಲ್ಲಿ, ಕೆಲವೊಮ್ಮೆ ಫಲಿಸುವ ಸಾಧನವನ್ನು ನೆಚ್ಚುವುದು ಮೃಗದ ಯಾತನೆಯನ್ನು ಪಣವಾಗಿಡುವುದೇ ಸರಿ. ಕೊಲ್ಲಲು ಹೊರಟವನಿಗೆ ಶೀಘ್ರವಾಗಿ ಕೊಲ್ಲುವ ಹೊಣೆಯೂ ಉಂಟು. ಬೇಟೆಗೆ ಬೇಟೆಯ ಗುಂಡೇ ಯೋಗ್ಯ.