ಹೊರಗೆ ಬರಬೇಡಿ ಅಂದ್ರೆ ಗೂಡು ಯಾರು ಮಾರೋದು ಸ್ವಾಮಿ?

ಎರಡು ದಿನ ಜೋರು ಮಳೆ ಬಂದ್ರೆ ಸಾಕು, ಮೊಬೈಲಿಗೆ ಉಪದೇಶ ಶುರು. "ಅನಗತ್ಯವಾಗಿ ಹೊರಗೆ ಬರಬೇಡಿ, ಎಚ್ಚರದಿಂದಿರಿ". ಓದಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ... ಇದನ್ನ ಯಾರಿಗೆ ಹೇಳ್ತಿದ್ದೀರಿ?

ಮಾಗಡಿ, ಕನಕಪುರ, ಚನ್ನಪಟ್ಟಣದ ರೈತ ರೇಷ್ಮೆ ಗೂಡು ಬಿಡಿಸಿದ ಮೇಲೆ ಮಳೆ ನಿಲ್ಲಲಿ ಅಂತ ಕೂರೋಕಾಗಲ್ಲ. ತಡ ಮಾಡಿದ್ರೆ ಚಿಟ್ಟೆ ಗೂಡನ್ನ ತೂತು ಮಾಡ್ಕೊಂಡು ಹೊರಗೆ ಬರುತ್ತೆ. ತೂತು ಗೂಡಿಂದ ನೂಲು ಬಿಚ್ಚೋಕೆ ಬರಲ್ಲ. ಮಳೆಯಲ್ಲೇ ಟೆಂಪೋ ಹತ್ತಿ ರಾಮನಗರದ ಮಾರುಕಟ್ಟೆಗೆ ಬರಲೇಬೇಕು. ಅವನಿಗೆ ಬೇಕಿರೋದು ಉಪದೇಶ ಅಲ್ಲ, ಮುಳುಗದ ರಸ್ತೆ.

2022ರ ಆಗಸ್ಟ್ ಕೊನೆಯಲ್ಲಿ ಕೆರೆಗಳು ತುಂಬಿ ಹರಿದು ಬೆಂಗಳೂರು-ಮೈಸೂರು ಹೆದ್ದಾರಿಯೇ ಹೊಳೆ ಆಯ್ತು. ರಾಮನಗರದ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಅದು ವಿಪರೀತ ಮಳೆ, ಒಪ್ಪೋಣ. ಆದ್ರೆ 2023ರ ಮಾರ್ಚ್? 12ನೇ ತಾರೀಖು ದಶಪಥದ ಉದ್ಘಾಟನೆ. 14ರಿಂದ ಟೋಲ್ ವಸೂಲಿ. ವಾರ ತುಂಬೋ ಮೊದಲೇ ಒಂದು ರಾತ್ರಿಯ ಬೇಸಿಗೆ ಮಳೆಗೆ ಸಂಗಬಸವನದೊಡ್ಡಿ ಹತ್ತಿರ ಸೇತುವೆ ಕೆಳಗೆ ನೀರು ನಿಂತು ವಾಹನಗಳು ಒಂದಕ್ಕೊಂದು ಗುದ್ದಿದವು!

ಹೆದ್ದಾರಿ ಪ್ರಾಧಿಕಾರ ಕೊಟ್ಟ ಕಾರಣ ಏನು ಗೊತ್ತಾ? ಹಳ್ಳಿಯವರು ಹತ್ತಿರದ ದಾರಿ ಮಾಡ್ಕೊಳ್ಳೋಕೆ ಚರಂಡಿಗೆ ಮಣ್ಣು ತುಂಬಿದ್ರಂತೆ.

ಚರಂಡಿಗೆ ಮಣ್ಣು ಹಾಕೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಯಾರೂ ಖುಷಿಗೆ ಹಾಕಲ್ಲ ಕಣ್ರೀ. ಮನೆ ರಸ್ತೆಯ ಈ ಕಡೆ, ಹಿಪ್ಪುನೇರಳೆ ತೋಟ ಆ ಕಡೆ ಇದ್ದೋನು ದಿನಾ ಸೊಪ್ಪು ಹೊತ್ಕೊಂಡು ಎಷ್ಟು ದೂರ ಸುತ್ತಬೇಕು? ಇನ್ನೊಂದು ವಿಷಯ. ಒಂದು ಕಡೆ ಮಣ್ಣು ಬಿದ್ದಿದ್ದಕ್ಕೆ ಹೆದ್ದಾರಿ ಮುಳುಗುತ್ತೆ ಅಂದ್ರೆ ಅದೆಂಥ ವಿನ್ಯಾಸ? ಟೋಲ್ ಎಣಿಸೋಕೆ ಜನ ಇದ್ದರು, ಚರಂಡಿ ನೋಡೋಕೆ ಒಬ್ಬರೂ ಇರಲಿಲ್ವಾ?

ನಮ್ಮ ಹಳಬರನ್ನ ಕೇಳಿ. ಕೆರೆ ತುಂಬಿದ್ರೆ ಕೋಡಿ, ಕೋಡಿಯಿಂದ ಹಳ್ಳ, ಹಳ್ಳದಿಂದ ಮುಂದಿನ ಕೆರೆ, ಕೊನೆಗೆ ಅರ್ಕಾವತಿ ಇಲ್ಲವೇ ಕಣ್ವ. ಈ ದಾರಿಗೆ ಅಡ್ಡ ರಸ್ತೆ ಎತ್ತರಿಸಿ ಸಣ್ಣ ಮೋರಿ ಬಿಟ್ರೆ ಅದು ರಸ್ತೆ ಅಲ್ಲ, ಇನ್ನೊಂದು ಕೆರೆ ಏರಿ.

ನಾನು ಕೇಳೋದು ಮೂರೇ. ಮಳೆಗಾಲಕ್ಕೆ ಮೊದಲು ಮೋರಿ ಸ್ವಚ್ಛ ಮಾಡಿ, ಮಾಡಿದ ದಿನಾಂಕ ಬರೆದು ಬೋರ್ಡ್ ಹಾಕಿ. ಪ್ರತಿ ಅಂಡರ್‌ಪಾಸ್ ಗೋಡೆಗೆ ಅಡಿಯ ಗುರುತು ಬಳಿಯಿರಿ. ನೀರು ಏರಿದಾಗ ದಾರಿ ಮುಚ್ಚೋಕೆ ಒಬ್ಬ ಮನುಷ್ಯನನ್ನ ನಿಲ್ಲಿಸಿ. 2023ರ ಮೇ 21ರಂದು ವಿಧಾನಸೌಧದ ಹತ್ತಿರವೇ, ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ತೀರಿಕೊಂಡರು. ಅಲ್ಲೇ ಹಾಗಾದ್ರೆ ನಮ್ಮ ದೊಡ್ಡಿಗಳನ್ನ ಕೇಳೋರು ಯಾರು?

ಇವೆಲ್ಲ ಆಗೋ ತನಕ ನಾವೂ ಹುಷಾರಾಗಿರೋಣ. ಹರಿಯೋ ನೀರು ಅರ್ಧ ಅಡಿ ಇದ್ರೂ ದೊಡ್ಡವರ ಕಾಲು ತಪ್ಪಿಸುತ್ತೆ. ಒಂದಡಿ ಸಣ್ಣ ಕಾರನ್ನ ತೇಲಿಸುತ್ತೆ, ಎರಡಡಿ ಹೆಚ್ಚಿನ ವಾಹನಗಳನ್ನ ಎಳ್ಕೊಂಡು ಹೋಗುತ್ತೆ. ಆಳ ಗೊತ್ತಿಲ್ದಿದ್ರೆ ಗಾಡಿ ತಿರುಗಿಸಿ. ಸಿಕ್ಕಿಕೊಂಡ್ರೆ 112ಕ್ಕೆ ಫೋನ್ ಮಾಡಿ. ಗೂಡು ಹೋದ್ರೆ ಇನ್ನೊಂದು ಬೆಳೆ ತೆಗೀಬಹುದು, ಜೀವ ಹೋದ್ರೆ ಬರುತ್ತಾ?

2025ರ ಮೇನಲ್ಲಿ ಸರ್ಕಾರ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೊಸ ಹೆಸರಿಟ್ಟಿತು. ಹೆಸರು ಏನಾದ್ರೂ ಇಟ್ಕೊಳ್ಳಿ. ನೀರಿಗೆ ಮಾತ್ರ ಅದರ ಹಳೇ ದಾರಿ ಬಿಟ್ಟುಕೊಡಿ. ನೀವೇನಂತೀರಿ?