ಉಪಗ್ರಹ ಬಂದರೂ ರೇಡಿಯೊ ಇರಲಿ

ಮಳೆಗಾಲದಲ್ಲಿ ಹೊಳೆ ಉಕ್ಕಿ ಸೇತುವೆ ಮುಳುಗಿದೆ. ಕರೆಂಟು ಹೋಗಿ ಮೊಬೈಲ್ ಟವರೂ ನಿಂತಿದೆ. ಆಗ ಊರಿನ ಸುದ್ದಿಯನ್ನು ತಾಲ್ಲೂಕಿಗೆ ಮುಟ್ಟಿಸುವುದು ಹೇಗೆ? ಉಪಗ್ರಹವೇ ಇದಕ್ಕೆ ಉತ್ತರ, ಕಿರುತರಂಗದ ಅಂದರೆ ಶಾರ್ಟ್‌ವೇವ್ ರೇಡಿಯೊ ಹಳೆಯ ಕಾಲದ್ದಾಯಿತು ಎಂದು ಹಲವರು ಹೇಳುವುದುಂಟು. ಈ ಮಾತು ಅರ್ಧ ಮಾತ್ರ ಸರಿ.

ಉಪಗ್ರಹ ನಮ್ಮ ರೈತರಿಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಂದಿನ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ, ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ 3 ಮೀಟರ್ ಅಗಲದ ಆಂಟೆನಾ ನಿಲ್ಲಿಸಿ ಬೇಸಾಯದ ಕಾರ್ಯಕ್ರಮಗಳನ್ನು ಟಿ.ವಿ.ಯಲ್ಲಿ ತೋರಿಸಿದರು. ಉಪಗ್ರಹ ಅಮೆರಿಕದ್ದಾಗಿತ್ತು. ಒಂದು ವರ್ಷದ ಅವಧಿ ಮುಗಿದೊಡನೆ ಅದನ್ನು ಬೇರೆಡೆಗೆ ಸರಿಸಿದರು. ಆ ಪ್ರಸಾರವೂ ನಿಂತಿತು. ಇಂದು ನಮ್ಮದೇ ಉಪಗ್ರಹಗಳಿವೆ, ಹಾಸನದಿಂದಲೇ ಅವುಗಳ ನಿಯಂತ್ರಣ ನಡೆಯುತ್ತದೆ. ಆದರೂ ಅದರ ಕೀಲಿಕೈ ಹಳ್ಳಿಯವರ ಕೈಯಲ್ಲಿಲ್ಲ ಎಂಬುದನ್ನು ಮರೆಯಬಾರದು.

ಉಪಗ್ರಹ ಫೋನಿನ ಗುಣ ದೊಡ್ಡದು. ಗುಂಡಿ ಒತ್ತಿ ಮಾತಾಡಿದರಾಯಿತು, ಹೆಚ್ಚಿನ ಪರಿಣತಿ ಬೇಕಿಲ್ಲ. ಆದರೆ ಅದಕ್ಕೆ ಬಾಡಿಗೆ ಕಟ್ಟಬೇಕು. ಸರ್ಕಾರದ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ತೆರೆದ ಆಕಾಶ ಬೇಕು, ದಟ್ಟ ಮರಗಳ ಕೆಳಗೆ ಕೆಲಸ ಕೆಡುತ್ತದೆ. ಉಪಗ್ರಹದ ಡಿಶ್ ಇಟ್ಟರೂ, ಜೋರು ಮಳೆಯಲ್ಲಿ ಟಿ.ವಿ. ಚಿತ್ರ ಕಡಿದುಹೋಗುವುದನ್ನು ನಾವೆಲ್ಲ ಕಂಡೇ ಇದ್ದೇವೆ.

ಕಿರುತರಂಗದ ದಾರಿ ಬೇರೆ. ಅದು ಮೇಲಿನ ವಾಯುಮಂಡಲದ ಪದರಕ್ಕೆ ತಾಗಿ ಭೂಮಿಗೆ ಮರಳುತ್ತದೆ; ನಡುವೆ ಟವರೂ ಬೇಡ, ಉಪಗ್ರಹವೂ ಬೇಡ. ಎರಡು ಅಡಿಕೆ ಮರಗಳ ನಡುವೆ ತಂತಿ ಕಟ್ಟಿ, ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಗೆ ಸೆಟ್ ಜೋಡಿಸಿದರೆ ಗುಡ್ಡದಾಚೆಗೂ ಮಾತು ಮುಟ್ಟುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ, ಅಲ್ಲಿದ್ದ ಹವ್ಯಾಸಿ ರೇಡಿಯೊ ತಂಡ ಹೀಗೆಯೇ ಸುದ್ದಿಯನ್ನು ಒಳನಾಡಿಗೆ ಮುಟ್ಟಿಸಿತು. ಇದರಲ್ಲಿಯೂ ದೋಷಗಳಿವೆ. ಹಗಲಿಗೊಂದು, ರಾತ್ರಿಗೊಂದು ತರಂಗ ಆರಿಸಬೇಕು, ಸದ್ದುಗದ್ದಲ ಹೆಚ್ಚು, ಗುಟ್ಟು ಉಳಿಯದು, ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದವರೇ ನಡೆಸಬೇಕು.

ಆದುದರಿಂದ ಇದೋ ಅದೋ ಎಂಬ ವಾದ ಬೇಡ. ತಾಲ್ಲೂಕು ಕಚೇರಿಯಲ್ಲಿ ಉಪಗ್ರಹ ಫೋನು ಇರಲಿ. ಅದರ ಜೊತೆಗೆ ಒಂದು ಕಿರುತರಂಗದ ಸೆಟ್ಟೂ ಇರಲಿ. ನೆರೆಗೆ ಸಿಕ್ಕುವ, ದಾರಿ ಕಡಿಯುವ ಪಂಚಾಯಿತಿಗಳಲ್ಲಿ ಓದಿದ ಇಬ್ಬರು ತರುಣರು ಪರೀಕ್ಷೆಗೆ ಕೂರಲಿ. ಅವರ ಸೆಟ್ಟಿನ ಖರ್ಚನ್ನು ಸರ್ಕಾರ ವಹಿಸಲಿ. ಮುಂಗಾರಿಗೆ ಮೊದಲೇ ಎರಡನ್ನೂ ಒಮ್ಮೆ ನಡೆಸಿ ನೋಡಲಿ.

ಮುಂದಿನ ಗ್ರಾಮಸಭೆಯಲ್ಲಿ ರೈತ ಬಾಂಧವರು ಈ ಮಾತನ್ನು ಎತ್ತಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ.